ಹೊರಗಿನ ತಿಂಡಿಗೆ ಪ್ರವೇಶವಿಲ್ಲ

ಏಕನಾಥರು ಮೂವತ್ತೈದು ವರ್ಷ ಕೇಂದ್ರ ಸರ್ಕಾರದ ಫೈಲು ನೋಡಿದವರು. ಸೆಕ್ಷನ್ ಆಫೀಸರಾಗಿ ರಿಟೈರಾದ ಮೇಲೆ ದಿಲ್ಲಿಯ ಮುನಿರ್ಕಾದ ಎರಡನೇ ಮಹಡಿಯ ಮನೆಯಲ್ಲಿ ಹದಿನೈದು ದಿನ ಸುಮ್ಮನೆ ಕೂತರು. ಹದಿನಾರನೇ ದಿನ ಹೆಂಡತಿಯ ಮಸಾಲೆ ಡಬ್ಬಿಗಳಿಗೆ ನಂಬರ್ ಹಾಕಲು ಹೊರಟರು.

"ಏನ್ರೀ, ಎಲ್ಲಾದರೂ ಕೆಲಸಕ್ಕೆ ಸೇರಿಕೊಳ್ಳಿ. ನನ್ನ ಅಡುಗೆಮನೇನ ಮಿನಿಸ್ಟ್ರಿ ಮಾಡಬೇಡಿ" ಅಂದರು ಲೀಲಾವತಿ.

ಹಾಗೆ ಸೇರಿದ್ದು ದಿಲ್ಲಿಯ ಹೊರಗೆ, ಮಾನೇಸರ್ ಆಚೆ ಎದ್ದು ನಿಂತಿದ್ದ ಪರದೇಶದ ಕಂಪನಿಯ ಥೀಮ್ ಪಾರ್ಕಿಗೆ. ಹುದ್ದೆಯ ಹೆಸರು ಒಂದು ಸಾಲು ಹಿಡಿಯುತ್ತಿತ್ತು. ಕೆಲಸ ಮಾತ್ರ ಇಷ್ಟೇ: ಮುಖ್ಯ ಗೇಟಿನ ಉಸ್ತುವಾರಿ. ಮನೆಯಲ್ಲಿ ಕೂರುವುದಕ್ಕಿಂತ ಗೇಟಿನಲ್ಲಿ ನಿಲ್ಲುವುದರಲ್ಲಿ ಅವರಿಗೆ ಜೀವ ಬಂದಹಾಗಿತ್ತು. ಬಸ್ಸು, ಮೆಟ್ರೋ, ಮತ್ತೆ ಬಸ್ಸು ಹಿಡಿದು ಬಂದರೂ ಒಂದು ದಿನವೂ ಲೇಟಾದವರಲ್ಲ.

ಕಂಪನಿಗೆ ತನ್ನ ದೇಶದ ಕಡೆ ಆರು ಪಾರ್ಕುಗಳಿದ್ದವು. ಅಲ್ಲಿ ಜನ ಬರಿಗೈಯಲ್ಲಿ ಬರುತ್ತಾರಂತೆ, ಒಳಗೆ ಕೊಂಡು ತಿನ್ನುತ್ತಾರಂತೆ, ಒಬ್ಬೊಬ್ಬರೇ ಬೇರೆ ಸಾಲಿನಲ್ಲಿ ನಿಂತು ದೋಣಿ ಹತ್ತುತ್ತಾರಂತೆ. ಅದನ್ನೇ ಅಚ್ಚೊತ್ತಿ ಇಲ್ಲಿಗೂ ತಂದಿದ್ದರು. ನಾಲ್ಕು ಸೀಟಿನ ದೋಣಿ ಮಾಡಿದರು. ಪರೀಕ್ಷೆಗೆಂದು ಕರೆಸಿದ ಮೊದಲ ಕುಟುಂಬ ಹನ್ನೊಂದು ಜನ. "ಚಾಚಾನ್ನ ಬಿಟ್ಟು ನಾವು ಹೋಗೋದಿಲ್ಲ" ಅಂತ ಅವರು ಹತ್ತಲೇ ಇಲ್ಲ. ಒಂಟಿ ಸವಾರರ ಸಾಲಿನಲ್ಲಿ ಈವರೆಗೆ ನಿಂತದ್ದು ಒಂದು ನಾಯಿ.

ಆದರೆ ಜಗಳ ಎದ್ದದ್ದು ದೋಣಿಗಲ್ಲ, ಬೋರ್ಡಿಗೆ.

ಹೊರಗಿನ ಆಹಾರ ತರಬಾರದು ಅನ್ನುವ ಇಂಗ್ಲಿಷ್ ನಿಯಮವನ್ನು ಹಿಂದಿಗೆ ಮಾಡಿಸಿ, ಓಖ್ಲಾದ ಪ್ರೆಸ್ಸಿನಲ್ಲಿ ಆಳೆತ್ತರದ ಬೋರ್ಡು ಬರೆಸಿದ್ದರು. "ಬಾಹರ್ ಕಾ ಖಾನಾ ಅಂದರ್ ಲಾನಾ ಮನಾ ಹೈ." ಪ್ರೂಫು ನೋಡಿ, ಪದಕ್ಕೆ ಪದ ತಾಳೆ ಮಾಡಿ, ಮೂಲೆಯಲ್ಲಿ ಇನಿಶಿಯಲ್ ಹಾಕಿ ಕಳಿಸಿದವರು ಸ್ವತಃ ಏಕನಾಥರೇ. ಬೋರ್ಡಿನ ಪಕ್ಕ ಒಂದು ಹಳದಿ ತೊಟ್ಟಿ. ಯಾರ ಚೀಲದಲ್ಲಿ ತಿಂಡಿ ಸಿಕ್ಕರೂ ಅದರಲ್ಲಿ ಸುರಿಯಬೇಕು. ಗಾರ್ಡುಗಳಿಗೆ ಹಾಗೇ ಬಾಯಲ್ಲಿ ಹೇಳಿದ್ದರು.

ಉದ್ಘಾಟನೆಗೆ ಒಂದು ವಾರ ಮುಂಚೆ, ಭಾನುವಾರ, ಸುತ್ತಲ ಹಳ್ಳಿಯವರನ್ನೂ ಸಿಬ್ಬಂದಿಯ ಮನೆಯವರನ್ನೂ ಪುಕ್ಕಟೆ ಕರೆದು ತಾಲೀಮು ಇಟ್ಟರು. ಹತ್ತು ಗಂಟೆಗೇ ಸಾಲು ಪಾರ್ಕಿಂಗ್‌ವರೆಗೆ ಬೆಳೆದಿತ್ತು. ಸಾಲಿನ ಮುಂದೆ ಒಬ್ಬ ಅಜ್ಜಿ, ಎಪ್ಪತ್ತೈದು ದಾಟಿದಾಕೆ. ಆಕೆಯ ಹಿಂದೆ ಮಕ್ಕಳು, ಸೊಸೆಯರು, ಮೊಮ್ಮಕ್ಕಳು. ಕಂಕುಳಲ್ಲಿ ಬಿಳಿ ಬಟ್ಟೆಯ ಗಂಟು. ಗಾರ್ಡ್ ದಿಲೀಪ್ ಗಂಟು ಬಿಚ್ಚಿದ. ರೊಟ್ಟಿ, ಮಾವಿನ ಉಪ್ಪಿನಕಾಯಿ.

"ತಾಈ, ಇದು ಒಳಗೆ ಬಿಡಲ್ಲ. ಬೋರ್ಡು ಓದಿ."

"ಓದಿದೆನಪ್ಪಾ, ನಾಲ್ಕನೇ ಕ್ಲಾಸು ಪಾಸು ನಾನು." ಅಜ್ಜಿ ಬೋರ್ಡಿನ ಕಡೆ ಕೈ ಮಾಡಿದಳು. "ಬಾಹರ್ ಕಾ ಖಾನಾ ಬೇಡ ಅಂತ ಬರೆದಿದ್ದೀರಿ. ಒಳ್ಳೆ ಕೆಲಸ ಮಾಡಿದಿರಿ. ಹೋಟೆಲಿನ ಎಣ್ಣೆ ತಿಂದು ಈ ಹುಡುಗರ ಹೊಟ್ಟೆ ಕೆಟ್ಟುಹೋಗಿದೆ. ಅದಕ್ಕೇ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಮಾಡಿದೆ. ಇದು ಘರ್ ಕಾ ಖಾನಾ, ಮನೆಯ ಊಟ."

ಹಿಂದಿನವರೆಲ್ಲ ತಲೆಯಾಡಿಸಿದರು. "ಸರಿಯಾಗಿ ಹೇಳಿದಳು ತಾಈ" ಅಂತ ಒಬ್ಬ ತನ್ನ ಡಬ್ಬಿಯನ್ನೂ ಎತ್ತಿ ತೋರಿಸಿದ.

ಏಕನಾಥರು ಬೋರ್ಡು ನೋಡಿದರು. ಆ ಮಾತನ್ನು ಅವರು ಜೀವಮಾನವಿಡೀ ಕೇಳಿದ್ದರು. ದಿಲ್ಲಿಯಲ್ಲಿ ಡಾಕ್ಟರು ಹೇಳುವುದೂ ಅದೇ, ದಾವಣಗೆರೆಯಲ್ಲಿ ಅವರ ತಾಯಿ ಹೇಳುತ್ತಿದ್ದದ್ದೂ ಅದೇ: ಹೊರಗಿನ ತಿಂಡಿ ತಿನ್ನಬೇಡ. ಹೊರಗಿನದು ಅಂದರೆ ಹೋಟೆಲಿನದು. ಮನೆಯದನ್ನು ಹೊರಗಿನದು ಅಂದವರನ್ನು ಅವರು ಕಂಡಿರಲಿಲ್ಲ. ಪ್ರೂಫಿನ ಮೇಲೆ ಇನಿಶಿಯಲ್ ಹಾಕುವಾಗ ಈ ತಲೆ ಎಲ್ಲಿ ಹೋಗಿತ್ತೋ. ನಾಚಿಕೆಯಾಯಿತು. ಆಮೇಲೆ ನಗು ಬಂತು. ಅಷ್ಟರಲ್ಲಿ ದಿಲೀಪ್ ಗಂಟನ್ನು ತೊಟ್ಟಿಯ ಮೇಲೆ ಹಿಡಿದದ್ದು ಕಂಡು ನಗು ನಿಂತಿತು.

"ಕೈ ತೆಗಿ, ದಿಲೀಪ್."

ವಾಕಿಟಾಕಿಯಲ್ಲಿ ಸುದ್ದಿ ಹೋಗಿ ಡೈರೆಕ್ಟರ್ ಮೇಡಂ ಬಂದರು. ಆರಡಿ ಎತ್ತರದ ಪರದೇಶದ ಹೆಂಗಸು, ಕೈಯಲ್ಲಿ ಗುರುಗ್ರಾಮದ ದೊಡ್ಡ ಹೋಟೆಲಿನ ಕಾಗದದ ಚೀಲ. ಜೊತೆಗೆ ಆಪರೇಷನ್ಸ್ ಮ್ಯಾನೇಜರ್ ಅಭಿಷೇಕ್, ಹುಬ್ಬಳ್ಳಿಯವನು.

"ನಿಯಮ ಸ್ಪಷ್ಟವಾಗಿದೆ, ಮಿಸ್ಟರ್ ಏಕನಾಥ. ಆರು ಪಾರ್ಕುಗಳಲ್ಲಿ ಇದೇ ನಿಯಮ" ಎಂದರು ಮೇಡಂ ಇಂಗ್ಲಿಷಿನಲ್ಲಿ.

"ಆರು ಪಾರ್ಕಿನ ಬೋರ್ಡು ನಾನು ನೋಡಿಲ್ಲ, ಮೇಡಂ. ಈ ಬೋರ್ಡಿನ ಪ್ರಕಾರ ಈ ಅಮ್ಮ ಸರಿ. ತಪ್ಪು ನನ್ನದು, ಇನಿಶಿಯಲ್ ನನ್ನದೇ. ಆದರೆ ಬೋರ್ಡು ಗೋಡೆಯ ಮೇಲಿರುವವರೆಗೆ ಅದೇ ಆರ್ಡರ್." ಕಾಗದದ ಚೀಲದ ಕಡೆ ಬೆರಳು ಮಾಡಿ ಸೇರಿಸಿದರು, "ಆ ಲೆಕ್ಕದಲ್ಲಿ ನಿಲ್ಲಿಸಬೇಕಾದದ್ದು ನಿಮ್ಮ ಕೈಯಲ್ಲಿರೋ ಚೀಲ."

ಅಭಿಷೇಕ್ ಕೆಮ್ಮಿದ. ಕನ್ನಡಕ್ಕೆ ಜಾರಿ ಪಿಸುಗುಟ್ಟಿದ, "ಸರ್, ಬಿಟ್ಟುಬಿಡ್ರಿ. ಕೆಲಸ ಹೋಗ್ತದ. ಆಂಟೀನೂ ಸಾಲಿನ್ಯಾಗ ನಿಂತಾರ."

ಹೌದು, ಹತ್ತನೆಯವರಾಗಿ ಲೀಲಾವತಿ ನಿಂತಿದ್ದರು, ಸ್ಟೀಲಿನ ಕ್ಯಾರಿಯರ್ ಹಿಡಿದು. ಅದರಲ್ಲಿ ಪುಳಿಯೋಗರೆ ಇರುವುದು ಗಂಡನಿಗೆ ಮುಚ್ಚಳ ತೆಗೆಯದೇ ಗೊತ್ತು. ಗಂಡ ತಮ್ಮ ಕಡೆ ನೋಡಿದಾಗ ಅವರು ಕ್ಯಾರಿಯರನ್ನು ಸೆರಗಿನ ಒಳಗೆ ಬಚ್ಚಿಡಲಿಲ್ಲ, ಎತ್ತಿ ಹಿಡಿದರು.

"ತೊಟ್ಟಿಗೆ ಹಾಕಿಸಿ" ಎಂದರು ಮೇಡಂ.

"ಬರೆದು ಕೊಡಿ."

"ಏನು?"

ಏಕನಾಥರು ಜೇಬಿನಿಂದ ಪೆನ್ನು ತೆಗೆದು ಟೇಬಲ್ಲಿನ ರಿಜಿಸ್ಟರ್ ಮೇಲಿಟ್ಟರು. ಎಂತೆಂಥ ಜಾಯಿಂಟ್ ಸೆಕ್ರೆಟರಿಗಳ ಎದುರೂ ಅವರು ಬೇರೆ ಆಯುಧ ಬಳಸಿದವರಲ್ಲ. "ಒಂದೇ ಸಾಲು ಸಾಕು ಮೇಡಂ. ಈ ಅಜ್ಜಿ ಮೊಮ್ಮಕ್ಕಳಿಗೆ ಮಾಡಿ ತಂದ ರೊಟ್ಟಿಯನ್ನು ಕಸಕ್ಕೆ ಹಾಕಬೇಕು ಅಂತ. ಕೆಳಗೆ ಸಹಿ, ತಾರೀಖು. ತಕ್ಷಣ ಹಾಕಿಸುತ್ತೇನೆ."

ಮೇಡಂ ಪೆನ್ನು ಕೈಗೆ ತೆಗೆದುಕೊಂಡರು. ಸಾಲಿನಲ್ಲಿ ಹತ್ತಾರು ಫೋನುಗಳು ಮೇಲೆದ್ದವು. ರೊಟ್ಟಿ ಅನ್ನುವ ಪದದವರೆಗೆ ಬರೆದರು. ನಿಲ್ಲಿಸಿದರು. ಅಜ್ಜಿ ಅವರನ್ನೇ ನೋಡುತ್ತಾ, "ಇವಳು ಯಾಕೆ ಇಷ್ಟು ಸಣ್ಣಗಿದ್ದಾಳೆ? ಬೆಳಿಗ್ಗೆ ತಿಂದಿಲ್ಲವಾ?" ಅಂತ ಸೊಸೆಯನ್ನು ಕೇಳಿದಳು.

ಮೇಡಂ ಪೆನ್ನು ಕೆಳಗಿಟ್ಟರು. "ನಾಳೆಯಿಂದ ನೀವು ಬರಬೇಕಾಗಿಲ್ಲ."

"ಅದನ್ನೂ ಬರೆದು ಕೊಡಿ" ಎಂದರು ಏಕನಾಥರು, ಸ್ವಲ್ಪವೂ ಏರುದನಿಯಿಲ್ಲದೆ. ತಡೆಗಂಬವನ್ನು ತಾವೇ ಎತ್ತಿ ಹಿಡಿದರು. "ಚಲೋ ತಾಈ, ಒಳಗೆ ನಡೀರಿ."

ಮಧ್ಯಾಹ್ನ, ಪಾರ್ಕಿನ ನಡುವೆ ತೋರಿಕೆಗೆ ಕಟ್ಟಿದ್ದ ಸುಳ್ಳು ಕೋಟೆಯ ಮುಂದಿನ ಹುಲ್ಲಿನ ಮೇಲೆ ಬೆಡ್‌ಶೀಟುಗಳು ಹರಡಿಕೊಂಡವು. ಊಟಕ್ಕೆ ಯಾರೂ ಮನೆಗೆ ಓಡಲಿಲ್ಲ. ಉಂಡವರು ಅಲ್ಲೇ ಮಲಗಿ, ಎದ್ದು, ಮತ್ತೆ ತಿರುಗುಣಿ ತೊಟ್ಟಿಲು ಹತ್ತಿದರು. ಐಸ್‌ಕ್ರೀಮು ಮೂರು ಗಂಟೆಗೇ ಖಾಲಿ. ಒಳಗಿನ ಬರ್ಗರ್ ಅಂಗಡಿ ಮಾತ್ರ ನೊಣ ಹೊಡೆಯುತ್ತಿತ್ತು. ಮೇಡಂ ಆಫೀಸಿನ ಮೇಲಿನ ಕಿಟಕಿಯಿಂದ ತುಂಬಿದ ಹುಲ್ಲನ್ನೂ ಖಾಲಿ ಅಂಗಡಿಯನ್ನೂ ನೋಡುತ್ತಿದ್ದರು.

ಏಕನಾಥರು ಗೇಟಿನ ನೆರಳಿನಲ್ಲಿ ಪುಳಿಯೋಗರೆ ತಿನ್ನುತ್ತಿದ್ದಾಗ ಅಭಿಷೇಕ್ ಲ್ಯಾಪ್‌ಟಾಪ್ ಹಿಡಿದು ಬಂದು ಪಕ್ಕ ಕೂತ.

"ಸರ್, ನಿಮ್ಮನ್ನ ತೆಗೆಯೋ ಲೆಟರ್ ಬರಿ ಅಂದಾರ. ಹೆಂಗ ಶುರು ಮಾಡಬೇಕೋ ತಿಳೀವಲ್ದು."

"ಮೊದಲು ಉಣ್ಣು" ಅಂತ ಲೀಲಾವತಿ ಅವನ ಕೈಗೊಂದು ತಟ್ಟೆ ಕೊಟ್ಟರು. "ಇವರನ್ನ ತೆಗೆಯೋದಕ್ಕೆ ಡ್ರಾಫ್ಟೂ ಇವರೇ ಹೇಳಿಕೊಡಬೇಕಾ?"

"ಹೇಳ್ತೀನಿ ಕಣೆ, ತಪ್ಪು ಇಂಗ್ಲಿಷಿನ ಕಾಗದ ನನಗೆ ಬೇಡ." ಏಕನಾಥರು ಬೆರಳು ನೆಕ್ಕಿ ಹೇಳಿದರು. "ಬರಿ. ವಿಷಯ: ಗೇಟಿನ ಉಸ್ತುವಾರಿಯ ವಜಾ. ಕಾರಣ: ಸದರಿಯವರು ಮನೆಯ ಊಟವನ್ನು ಒಳಗೆ ಬಿಟ್ಟಿರುತ್ತಾರೆ. ಕಾರಣವನ್ನು ತೆಗೆಯಬೇಡ, ಕಾರಣವಿಲ್ಲದ ಆರ್ಡರ್ ನಿಲ್ಲೋದಿಲ್ಲ. ಉದ್ಘಾಟನೆಗೆ ಪೇಪರಿನವರು ಬಂದಾಗ ನಾನದನ್ನ ತೋರಿಸ್ತೀನಿ ಅಂತಲೂ ಮೇಡಂಗೆ ಬಾಯಲ್ಲಿ ಹೇಳು."

ಅಭಿಷೇಕ್ ಅದನ್ನೇ ಟೈಪು ಮಾಡಿ ಪ್ರಿಂಟು ತೆಗೆದು ಮೇಲಕ್ಕೆ ಹೋದ. ಐದೂವರೆಗೆ ಕಾಗದ ವಾಪಸು ಹಿಡಿದುಕೊಂಡು ಬಂದ. ಸಹಿಯ ಜಾಗ ಖಾಲಿ.

"ಬೋರ್ಡು ಬದಲಾಯಿಸಬೇಕು ಅಂದ್ರು ಸರ್. ಏನು ಬರೆಸಬೇಕು ಅಂತ ಹೇಳಲಿಲ್ಲ."

"ಹಾಗಾದರೆ ಬರೆದು ಕೊಡೋವರೆಗೆ ಇದೇ ಬೋರ್ಡು. ಇದೇ ಗೇಟು. ಗೇಟಿಗೆ ಇದೇ ನಾನು."

ಸೋಮವಾರ ಒಂಬತ್ತಕ್ಕೆ ಐದು ನಿಮಿಷ ಇರುವಾಗ ಏಕನಾಥರು ಬಂದರು. ಹಳದಿ ತೊಟ್ಟಿಯನ್ನು ದಿಲೀಪ್ ಜೊತೆ ಎತ್ತಿ ಗೋಡೆಯ ಹಿಂದಕ್ಕೆ ಸಾಗಿಸಿದರು. ರಿಜಿಸ್ಟರ್ ತೆರೆದರು. ರೊಟ್ಟಿ ಅನ್ನುವ ಪದಕ್ಕೆ ನಿಂತಿದ್ದ ಆ ಅರ್ಧ ಸಾಲಿನ ಕೆಳಗೆ ಒಂದು ಗೆರೆ ಎಳೆದು, ತಾರೀಖು ಬರೆದು, ಡ್ಯೂಟಿಗೆ ಸಹಿ ಹಾಕಿದರು.