ಒಬ್ಬನನ್ನು ಬಿಟ್ಟು ಬಂದದ್ದು

"ನಿನ್ನ ಎತ್ತಿ ತರೂಕೆ ಎಷ್ಟು ಲಕ್ಷ ಹೋಯ್ತು ಗೊತ್ತದ್ಯನೋ, ಬೋಳಿಮಗನೇ?"

ಕಾರವಾರದ ಕಚೇರಿಯಲ್ಲಿ ಸಾಹೇಬರು ಹೀಗೆ ಕೇಳಿದಾಗ ತುಳಸಿದಾಸನ ಚಡ್ಡಿಯಿಂದ ಇನ್ನೂ ಉಪ್ಪುನೀರು ತೊಟ್ಟಿಕ್ಕುತ್ತಿತ್ತು. ಲಕ್ಷ! ಅವನನ್ನು ಬಾಂಗಡೆ ಮೀನಿನ ಬುಟ್ಟಿಯ ಜೊತೆ ಮಾರಿದ್ದರೂ ನೂರು ರೂಪಾಯಿ ಹುಟ್ಟುತ್ತಿರಲಿಲ್ಲ.

ಹಿಂದಿನ ದಿನ ದೋಣಿ ಮಗುಚಿ, ಅವನೂ ಹೆಂಡತಿಯ ತಮ್ಮ ಮಾದೇವನೂ ಕಡಲ ನಡುವಿನ ಬಂಡೆಯನ್ನು ಅಪ್ಪಿಕೊಂಡಿದ್ದರು. ನೌಕಾಪಡೆಯ ಹೆಲಿಕಾಪ್ಟರ್ ಬಂದದ್ದು ಇವತ್ತು ಬೆಳಿಗ್ಗೆ. ಹಗ್ಗ ಹಿಡಿದು ಇಳಿದ ಜವಾನ ಗಾಳಿಗೆ ಬಂಡೆಗೆ ಬಡಿದು ಮೊಣಕೈ ಒಡೆದುಕೊಂಡಿದ್ದ. ಒಬ್ಬೊಬ್ಬರೇ ಎಂದು ಬೆರಳು ತೋರಿಸಿದ.

"ಭಾವಾ, ನೀ ಮೊದ್ಲು ಹೋಗು" ಎಂದ ಮಾದೇವ.

ತುಳಸಿದಾಸ ಬೇಡವೆಂದ. ಮರ್ಯಾದೆಗೆ ಒಂದು ಸಲ ಸಾಕಲ್ಲ! ಮಾದೇವ ಎರಡನೇ ಸಲ ಬಾಯಿ ತೆರೆಯುವಷ್ಟರಲ್ಲಿ ಹಗ್ಗದ ಪಟ್ಟಿ ಇವನ ಕಂಕುಳಲ್ಲಿತ್ತು. ಜವಾನನ ಜೊತೆ ಮೇಲೇರುವಾಗ ಉಚ್ಚೆ ಹೊಯ್ದುಕೊಂಡ. ಕುಲದಲ್ಲೇ ಆಕಾಶಕ್ಕೆ ಹಾರಿದ ಮೊದಲ ಗಂಡಸು! ಅಷ್ಟರಲ್ಲಿ ಗಾಳಿ ಜೋರಾಗಿ, ಮಾದೇವನನ್ನು ಬಂಡೆಯ ಮೇಲೇ ಬಿಟ್ಟು ಹೆಲಿಕಾಪ್ಟರ್ ದಡಕ್ಕೆ ತಿರುಗಿತು.

"ನನ್ನ ತಮ್ಮನ್ನ ತರೂಕೆ ಯಾವಾಗ ಹೋಗ್ತ್ರಿ, ಸಾಹೇಬ್ರೆ?" ಬಾಗಿಲಲ್ಲಿ ನಿಂತಿದ್ದ ಹೆಂಡತಿ ಹೀರಾ ಕೇಳಿದಳು.

"ಒಬ್ಬನಿಗಾಗಿ ಹೆಲಿಕಾಪ್ಟರಿನ ನಾಲ್ಕು ಜನರ ಜೀವ ಒತ್ತೆ ಇಡಬೇಕೇನು? ಖರ್ಚು ಬೇರೆ."

ನಾಲ್ಕು ಜೀವದ ಮಾತು ಸುಳ್ಳಾಗಿರಲಿಲ್ಲ. ಜವಾನನ ರಕ್ತ ತುಳಸಿದಾಸನ ಅಂಗಿಗೂ ಹತ್ತಿತ್ತು. ಕುರ್ಚಿಯಲ್ಲಿ ಕೂತವರ ಇಸ್ತ್ರಿ ಮಾತ್ರ ಮುರಿದಿರಲಿಲ್ಲ.

ಸಾಹೇಬರು ಒಂದು ಕಾಗದ ತಳ್ಳಿದರು. ಬಿರುಗಾಳಿಯ ಎಚ್ಚರಿಕೆ ಕೊಟ್ಟರೂ ಕೇಳದೆ ಕಡಲಿಗಿಳಿದೆವು ಎಂದು ಅದರಲ್ಲಿತ್ತು.

"ಸಹಿ ಹಾಕು. ಆಮೇಲೆ ನೋಡುವಾ."

"ಎಚ್ಚರಿಕೆ ಹೇಳೂಕೆ ನಮ್ಮ ಕೇರಿಗೆ ಒಂದು ನಾಯೀನೂ ಬಂದು ಬೊಗಳ್ಲಿಲ್ಲ, ಸಾಹೇಬ್ರೆ" ಎಂದ ತುಳಸಿದಾಸ. ಎನ್ನುತ್ತಲೇ ಪೆನ್ನು ಎತ್ತಿಕೊಂಡ. ಸರಕಾರಿ ಕಾಗದ ಕಂಡರೆ ಅವನ ಕೈ ತಾನಾಗಿ ಮುಂದೆ ಹೋಗುತ್ತಿತ್ತು. ದಂಡೆಯ ಮನೆ ಸರಕಾರದ ಪಾಲಾದದ್ದೂ ಹಾಗೆಯೇ, ಇಂಥದ್ದೇ ಒಂದು ಸಹಿಯಿಂದ.

"ಹಾಕಿ, ಹಾಕಿ. ಅವ್ನ ಹೆಣಕ್ಕೆ ಅದನ್ನೇ ಹೊದಿಸ್ವಾ" ಎಂದಳು ಹೀರಾ.

ಪೆನ್ನು ನಿಂತಿತು. ಕಾಗದವನ್ನು ಎರಡಾಗಿ ಹರಿದು ಮೇಜಿನ ಮೇಲಿಟ್ಟು, ತುಳಸಿದಾಸ ಹೊರಗೆ ನಡೆದ.

ದಂಡೆಯಲ್ಲಿ ಅವರ ಕೇರಿಯ ಪುಟ್ಟು ಏನೂ ಕೇಳದೆ ತನ್ನ ಇಂಜಿನ್ ದೋಣಿಯನ್ನು ನೀರಿಗೆ ತಳ್ಳಿದ. ಹೀರಾ ಯಾರಿಗೂ ಹೇಳದೆ ಹತ್ತಿ ಕೂತಳು. ಪೊಲೀಸಿನವನೊಬ್ಬ ಓಡಿಬಂದ.

"ಮುಳುಗಿದ್ರೆ ನಿಮ್ಮನ್ನ ಎತ್ತೂಕೆ ಯಾರು ಬರ್ಬೇಕ್ರೋ?"

"ಯಾರೂ ಬರೂದು ಬ್ಯಾಡ!"

ಗರ್ಜಿಸಬೇಕೆಂದಿದ್ದ ತುಳಸಿದಾಸನ ದನಿ ಕೋಳಿಯ ಹಾಗೆ ಒಡೆಯಿತು. ದೂರದಲ್ಲಿ ಅಲೆಯೊಂದು ಬಂಡೆಯನ್ನು ಪೂರ್ತಿ ಮುಚ್ಚಿ ಇಳಿಯಿತು. ಅಲ್ಲಿ ಮನುಷ್ಯನಿದ್ದಾನೋ ಇಲ್ಲವೋ ಕಾಣಲಿಲ್ಲ. ಪುಟ್ಟು ಇವನ ಮುಖ ನೋಡಿದ.

"ನಡಿ" ಎಂದ ತುಳಸಿದಾಸ.