ರಾಮಾನುಜರ ನಂಬರಿನಿಂದ

ರಾಮಾನುಜ ಮೇಷ್ಟ್ರು ತೀರಿಕೊಂಡ ಹದಿನಾಲ್ಕನೆಯ ದಿನ ಬೆಳಗ್ಗೆ ಆರೂಕಾಲಿಗೆ, ಎಂದಿನಂತೆ, ಅವರ ನಂಬರಿನಿಂದ ‘ಸಂಪ್ರದಾಯ ಬಳಗ, ಮದ್ದೂರು’ ಗ್ರೂಪಿಗೆ ಅಂದಿನ ಪಂಚಾಂಗ ಬಂತು. ತಿಥಿ, ವಾರ, ನಕ್ಷತ್ರ, ರಾಹುಕಾಲ. ಕೊನೆಗೆ ‘ಸರ್ವರಿಗೂ ಶುಭವಾಗಲಿ.’

ಗ್ರೂಪಿನ ನಲವತ್ತು ಚಿಲ್ಲರೆ ಗಂಡಸರಲ್ಲಿ ಒಬ್ಬರೂ ಗಾಬರಿಯಾಗಲಿಲ್ಲ. ಸತ್ತವನ ನಂಬರಿನಿಂದ ಪಂಚಾಂಗ ಬಂದಿದೆ ಎಂದರೆ ಆ ಮನೆಯಲ್ಲಿ ಉಳಿದಿರುವ ಗಂಡಸು ಕಳಿಸಿರಬೇಕು, ಅಷ್ಟೇ ತಾನೇ. ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿದ್ದು ನಿವೃತ್ತರಾದ ಅಡ್ಮಿನ್ ಸುಧೀಂದ್ರ ಎರಡೇ ನಿಮಿಷಕ್ಕೆ ಬರೆದರು: ‘ಶ್ರೀಕಾಂತ್, ತಂದೆಯ ಸ್ಥಾನ ತುಂಬಿದೆಯಪ್ಪ. ಸಂಸ್ಕಾರ ಅಂದರೆ ಇದು.’ ಅದರ ಕೆಳಗೆ ಮುಗಿದ ಕೈಗಳು ಸಾಲುಗಟ್ಟಿದವು.

ಫೋನು ಹಿಡಿದು ಕೂತಿದ್ದ ಸರಸಮ್ಮ ಓದಿ ಮೊದಲು ನಕ್ಕರು. ಅವರ ಮಗ ಶ್ರೀಕಾಂತ ಮಂಡ್ಯದಲ್ಲಿ ಬ್ಯಾಂಕಿನ ನೌಕರ. ಇವತ್ತು ಯಾವ ತಿಥಿಯೋ ಎಂದರೆ ಕ್ಯಾಲೆಂಡರ್ ಎಲ್ಲಿದೆ ಎಂದು ಕೇಳುವ ಗಿರಾಕಿ. ‘ಬರೆದದ್ದು ನಾನು’ ಎಂದು ತಿದ್ದಲು ಬೆರಳು ಇಟ್ಟರು. ಆಮೇಲೆ ಬೆರಳು ತೆಗೆದರು. ಗೊತ್ತಾದರೆ ಏನಂದುಕೊಳ್ಳುತ್ತಾರೋ, ಗಂಡ ಹೋಗಿ ಇನ್ನೂ ಎರಡು ವಾರ. ಇರಲಿ, ಇನ್ನೊಂದು ದಿನ ಹೇಳಿದರಾಯಿತು ಎಂದುಕೊಂಡರು.

ನಿಜ ಹೇಳಬೇಕೆಂದರೆ ಮೇಷ್ಟ್ರಿಗೂ ಪಂಚಾಂಗ ಬರುತ್ತಿರಲಿಲ್ಲ. ಅವರು ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿದವರು. ವಿದ್ಯೆ ಇದ್ದದ್ದು ಸರಸಮ್ಮನ ಹತ್ತಿರ. ಮಳವಳ್ಳಿಯಲ್ಲಿ ಅವರ ತಂದೆ ಜಾತಕ ಬರೆಯುತ್ತಿದ್ದರು. ಗಂಡುಮಕ್ಕಳನ್ನು ಕೂರಿಸಿಕೊಂಡು ಕಲಿಸಹೋದರೆ ಅವರು ಗೋಲಿಯಾಡಲು ಓಡಿಬಿಡುತ್ತಿದ್ದರು. ಪಕ್ಕದಲ್ಲಿ ಬತ್ತಿ ಹೊಸೆಯುತ್ತಿದ್ದ ಹುಡುಗಿ ಎಲ್ಲವನ್ನೂ ಕಲಿತಳು. ಏಳು ವರ್ಷದ ಹಿಂದೆ ಮೇಷ್ಟ್ರ ಕಣ್ಣು ಮಂಜಾದಾಗ ಫೋನು ಇವರ ಕೈಗೆ ಬಂತು. ಮೊದಮೊದಲು ಪಂಚಾಂಗ ಇವರದು, ಉಳಿದ ಮಾತನ್ನು ಅವರು ಹೇಳಿದಂತೆ ಬರೆದರು. ಆರು ತಿಂಗಳು ಕಳೆಯುವುದರೊಳಗೆ, ಬೆಳಗಿನ ಕಾಫಿ ಹೀರುತ್ತಾ ‘ಕಳಿಸಿದೆಯಾ ಸರಸೂ?’ ಎಂದು ಕೇಳುವುದಷ್ಟೇ ಅವರ ಕೆಲಸವಾಯಿತು. ಹೊಗಳಿಕೆ ಮಾತ್ರ ತಪ್ಪದೆ ಅವರ ಹೆಸರಿಗೇ ಬರುತ್ತಿತ್ತು.

ಸರಸಮ್ಮನಿಗೆ ಆ ಗ್ರೂಪು ಬಲು ಇಷ್ಟ. ಅಲ್ಲಿನವರ ಮಾತೆಲ್ಲ ಅವರ ಮನಸ್ಸಿನ ಮಾತೇ. ಹುಟ್ಟುಹಬ್ಬಕ್ಕೆ ದೀಪ ಹಚ್ಚುವುದು ಬಿಟ್ಟು ಉಫ್ ಎಂದು ಆರಿಸುತ್ತಾರಲ್ಲ, ಮದುವೆಗೆ ಮುಂಚೆಯೇ ಹೆಣ್ಣು ಗಂಡು ಕೆರೆ ಏರಿಯ ಮೇಲೆ ತಬ್ಬಿಕೊಂಡು ಫೋಟೊ ತೆಗೆಸುತ್ತಾರಲ್ಲ, ಊಟಕ್ಕೆ ತಟ್ಟೆ ಹಿಡಿದು ಕ್ಯೂ ನಿಲ್ಲುತ್ತಾರಲ್ಲ, ಎಂದು ಯಾರಾದರೂ ಶುರು ಮಾಡಿದರೆ ಮಧ್ಯಾಹ್ನದವರೆಗೂ ಹಬ್ಬ. ಆತಗೂರಿನ ಚಲುವರಾಜು, ಮೇಷ್ಟ್ರ ಜೊತೆ ಒಂದೇ ಬೆಂಚಿನಲ್ಲಿ ಓದಿದವನು, ಗದ್ದೆ ಬದುವಿನ ಮೇಲಿಂದಲೇ ದನಿ ಕಳಿಸುತ್ತಿದ್ದ: “ಲೇ ಸುದೀಂದ್ರ, ನಮ್ಮೂರ್ ಮದ್ವೇಲಿ ನೆನ್ನೆ ಎಣ್ಣೇ ಕುಣ್ಕಂಡ್ ಬಂದ್ಲು ಕಣ್ಲಾ ಮಂಟಪಕ್ಕೆ! ನಮ್ಮವ್ವ ಇದ್ದಿದ್ರೆ ಒಲೆ ಸೌದೆ ತಕಂಡ್ ಬತ್ತಿದ್ಲು!” ಸರಸಮ್ಮ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. ನಕ್ಕು, ಮೇಷ್ಟ್ರ ಹೆಸರಿನಲ್ಲಿ ಅದಕ್ಕೊಂದು ಒಗ್ಗರಣೆಯ ಮಾತನ್ನೂ ಬರೆಯುತ್ತಿದ್ದರು.

ಗಂಡ ಹೋದಮೇಲೆ ದಿನದಲ್ಲಿ ಮಾತು ಎಂದು ಇದ್ದದ್ದು ಅದೊಂದೇ. ಜೊತೆಗಿದ್ದ ಮಗಳು ಸಿಂಧು ಬೆಳಗ್ಗೆ ಎಂಟರ ಬಸ್ಸು ಹತ್ತಿ ಮಳವಳ್ಳಿಯ ಕಾಲೇಜಿಗೆ ಪಾಠ ಹೇಳಲು ಹೋದರೆ ಬರುವುದು ಸಂಜೆಗೇ.

ನಾಲ್ಕು ತಿಂಗಳು ಹೀಗೇ ನಡೆಯಿತು. ಯುಗಾದಿ ಕಳೆದ ಮೇಲೆ ಒಂದು ದಿನ ಚಲುವರಾಜುವಿನ ದನಿ ಬಂತು: “ಸ್ರೀಕಾಂತಪ್ಪ, ನಮ್ ಮಗ್ಳು ನಯನನ್ ಮದ್ವೆ ಗೊತ್ತಾಯ್ತು. ಪುರೋಯ್ತ್ರು ವೈಸಾಖದ ಅಷ್ಟಮಿ ಅಂತವ್ರೆ, ಮಖಾ ನಕ್ಷತ್ರವಂತೆ. ಯಾಕೋ ಮನ್ಸು ಒಪ್ತಿಲ್ಲ. ನಿಮ್ಮಪ್ಪ ಇದ್ದಿದ್ರೆ ಅವ್ನನ್ನೇ ಕೇಳ್ತಿದ್ದೆ. ನೀನೇ ಒಸಿ ನೋಡಪ್ಪ.”

ಸರಸಮ್ಮ ಎರಡು ದಿನ ಕೂತರು. ನಯನಳ ಜನ್ಮನಕ್ಷತ್ರ ರೋಹಿಣಿ. ರೋಹಿಣಿಯಿಂದ ಎಣಿಸಿದರೆ ಮಖಾ ಏಳನೆಯದು, ವಧೆಯ ತಾರೆ; ಯಾವ ಪುರೋಹಿತ ಅದನ್ನು ಇಟ್ಟನೋ ಎಂದು ಅವರಿಗೆ ಸಿಟ್ಟೇ ಬಂತು. ಎರಡು ದಿನ ಬಿಟ್ಟರೆ ದಶಮಿ, ಉತ್ತರಾ ನಕ್ಷತ್ರ, ಮಿಥುನ ಲಗ್ನ. ಅದನ್ನು ಬರೆದು, ಮಖಾ ಯಾಕೆ ಬೇಡ ಎಂಬುದನ್ನೂ ಬಿಡಿಸಿ ಕಳಿಸಿದರು. ಗ್ರೂಪಿಗೆ ಗ್ರೂಪೇ ಮೆಚ್ಚಿ ತಲೆದೂಗಿತು. ಚಲುವರಾಜು ಕುಣಿದಾಡಿಬಿಟ್ಟ: “ಮದ್ವೆ ದಿನ ಚಿಕ್ಕರಸಿನಕೆರೆ ಛತ್ರದಲ್ಲಿ ಎಲ್ಲಾರ್ ಮುಂದೆ ನಿಂಗೆ ಸಾಲು ಒದಿಸ್ತೀನಿ ಕಣಪ್ಪ. ಅಮ್ಮೋರ್ನೂ ಕರ್ಕಂಡ್ ಬಾ, ಮಗನ್ ಗೌರವ ನೋಡ್ಲಿ.”

ಭಾನುವಾರ ಶ್ರೀಕಾಂತ ಮನೆಗೆ ಬಂದಾಗ ಸರಸಮ್ಮ ವಿಷಯ ಹೇಳಿದರು. ಅವನಿಗೆ ಆಗಲೇ ಗೊತ್ತಿತ್ತು.

“ಸುಧೀಂದ್ರ ಮಾವ ಮಂಡ್ಯದಲ್ಲಿ ಸಿಕ್ಕಿ ಬೆನ್ನು ತಟ್ಟಿದ್ರು ಕಣಮ್ಮ. ಮೂರು ಸಲ ಆಯ್ತು.”

“ನೀನು ಏನಂದೆ?”

“ಏನನ್ನಲಿ? ನಕ್ಕು ಸುಮ್ಮನಾದೆ. ಈಗ ಹೋಗಿ ಶಾಲು ತಗೊಂಡು ಬಂದುಬಿಡ್ತೀನಿ, ನೀನೇ ಇಟ್ಕೋ. ನೀನು ಅಂತ ಗೊತ್ತಾದರೆ ಅವರಿಗೂ ಕಸಿವಿಸಿ, ನಮಗೂ ಕಸಿವಿಸಿ. ಯಾಕೆ ಬೇಕು?”

ಏಳು ವರ್ಷ ಗಂಡನ ಹೆಸರಿಗೆ ಹೋದಾಗ ಸರಸಮ್ಮನಿಗೆ ಹೊಟ್ಟೆ ಉರಿದಿರಲಿಲ್ಲ. ಈ ತಿಥಿ ಗೊತ್ತಿಲ್ಲದ ಮಗ ಬಾಳೆಹಣ್ಣು ಸುಲಿಯುತ್ತಾ ಹಾಗೆಂದಾಗ ಉರಿಯಿತು. ಚೆನ್ನಾಗಿಯೇ ಉರಿಯಿತು. ಬದುಕಿನಲ್ಲಿ ಒಮ್ಮೆಯಾದರೂ ‘ಇದು ಸರಸಮ್ಮನ ಕೆಲಸ’ ಎಂದು ಯಾರಾದರೂ ಅನ್ನಲಿ ಎಂಬ ಆಸೆ ತಮ್ಮೊಳಗೆ ಇಷ್ಟು ದೊಡ್ಡದಾಗಿ ಕೂತಿದೆ ಎಂದು ಅವರಿಗೇ ಗೊತ್ತಿರಲಿಲ್ಲ.

ಸೋಮವಾರ ಪಂಚಾಂಗದ ಕೆಳಗೆ ಬರೆದರು: ‘ನಾನು ಸರಸಮ್ಮ, ರಾಮಾನುಜರ ಹೆಂಡತಿ. ಈ ನಾಲ್ಕು ತಿಂಗಳು ಬರೆದದ್ದು ಶ್ರೀಕಾಂತ ಅಲ್ಲ, ನಾನು. ಅದಕ್ಕೆ ಮುಂಚೆ ಏಳು ವರ್ಷ ಬರೆದದ್ದೂ ನಾನೇ. ನಯನಳ ಮುಹೂರ್ತ ನೋಡಿದ್ದೂ ನಾನೇ. ಶಾಲು ಬೇಡ. ತಿಳಿದಿರಲಿ ಎಂದು ಬರೆದೆ.’

ಮುಗಿದ ಕೈ ಒಂದೂ ಬರಲಿಲ್ಲ. ಓದಿದ ಗುರುತು ಮಾತ್ರ ಒಬ್ಬೊಬ್ಬರದಾಗಿ ಬಿತ್ತು. ಹನ್ನೊಂದರ ಹೊತ್ತಿಗೆ ಚಲುವರಾಜುವಿನ ದನಿ ಬಂತು. ಅಂಥಾ ಗಂಟಲಿನ ಮನುಷ್ಯ ಪಿಸುಗುಟ್ಟುತ್ತಿದ್ದ.

“ಅಮ್ಮೋರೆ, ತಪ್ ತಿಳ್ಕಬೇಡಿ. ನೀವು ದೊಡ್ಡೋರು, ನಿಮ್ ಇದ್ಯೆ ದೊಡ್ದು. ಆದ್ರೆ ನಮ್ಮನೆ ಎಂಗಸ್ರು ಒಪ್ಪಾಕಿಲ್ಲ. ಒಳ್ಳೆ ಕೆಲ್ಸಕ್ಕೆ... ನಿಮ್ಗೇ ಗೊತ್ತಲ್ಲ. ಕಾರ್ಡು ಇನ್ನೂ ಅಚ್ಚಿಗ್ ಕೊಟ್ಟಿಲ್ಲ. ಪುರೋಯ್ತ್ರು ಏಳಿದ್ ದಿನಾನೇ ಮಡಗ್ತೀವಿ ಬುಡಿ.”

ತಮಗಾದ ಅವಮಾನಕ್ಕಿಂತ ಮೊದಲು ಸರಸಮ್ಮನಿಗೆ ಕಂಡದ್ದು ಆ ಏಳನೆಯ ತಾರೆ. ಕೂಡಲೇ ಬರೆದರು: ‘ಮುಹೂರ್ತ ಬೇರೆ ಯಾರ ಹತ್ತಿರವಾದರೂ ಇಡಿಸಿ. ಮಖಾ ಮಾತ್ರ ಬೇಡ. ಮಗುವಿಗೆ ಒಳ್ಳೆಯದಲ್ಲ.’

ಅದಕ್ಕೆ ಉತ್ತರ ಕೊಟ್ಟವರು ಸುಧೀಂದ್ರ. ಮೂರು ವರ್ಷದ ಹಿಂದೆ ಮೇಷ್ಟ್ರ ನಂಬರಿನಿಂದ ಬಂದಿದ್ದ ಒಂದು ಮೆಸೇಜನ್ನು ಹುಡುಕಿ ತೆಗೆದು ಮೇಲೆ ಹಾಕಿದ್ದರು:

‘ಪತಿಯನ್ನು ಕಳೆದುಕೊಂಡವರು ಮಂಗಳಕಾರ್ಯದಲ್ಲಿ ಮುಂದೆ ನಿಲ್ಲುವುದು ಶ್ರೇಯಸ್ಸಲ್ಲ. ಮಗಳ ಮೇಲೆ ನಿಜವಾದ ಪ್ರೀತಿ ಇರುವ ತಾಯಿ ತಾನಾಗಿಯೇ ಹಿಂದೆ ಸರಿಯುತ್ತಾಳೆ. ಇನ್ನೊಬ್ಬರಿಂದ ಹೇಳಿಸಿಕೊಳ್ಳುವುದಿಲ್ಲ.’

ಅದರ ಕೆಳಗೆ ಸುಧೀಂದ್ರ ಬರೆದಿದ್ದರು: ‘ಏಳು ವರ್ಷ ಬರೆದದ್ದು ನೀವೇ ಅಂದಿರಿ. ಹಾಗಾದರೆ ಇದೂ ನಿಮ್ಮದೇ ಇರಬೇಕು. ಈ ಮಾತು ನಂಬಿ ನನ್ನ ತಂಗಿ ಶಶಿರೇಖಾಳನ್ನು ಅವಳ ಮಗಳ ಧಾರೆಯಿಂದ ಎಬ್ಬಿಸಿದೆ. ಅವಳು ಇವತ್ತಿಗೂ ನಮ್ಮ ಮನೆಗೆ ಬಂದಿಲ್ಲ. ನಾನು ನಿಮ್ಮನ್ನು ಗ್ರೂಪಿನಿಂದ ತೆಗೆಯುವುದಿಲ್ಲ ಅಮ್ಮ. ನೀವು ತಿಳಿದವರು.’

ಸರಸಮ್ಮನಿಗೆ ಎಲ್ಲ ನೆನಪಿತ್ತು. ಗಂಡನಿಲ್ಲದ ತಂಗಿ ಮಗಳ ಧಾರೆಗೆ ನಿಲ್ಲಬಹುದೇ ಎಂದು ಸುಧೀಂದ್ರ ಆ ದಿನ ಗ್ರೂಪಿನಲ್ಲಿ ಕೇಳಿದ್ದನ್ನು ಅವರು ಗಂಡನಿಗೆ ಓದಿ ಹೇಳಿದ್ದರು. ಮೇಷ್ಟ್ರು ಕಾಫಿ ಲೋಟ ಕೆಳಗಿಟ್ಟು, “ಪಾಪ, ಒಬ್ಬಳೇ ಮಗಳು. ನಿಂತುಕೊಳ್ಳಲಿ ಬಿಡು, ಏನು ಮುಳುಗಿಹೋಗುತ್ತೆ?” ಎಂದಿದ್ದರು. “ಹಾಗೆಲ್ಲ ಬರೆದರೆ ನಿಮ್ಮ ಮಾತಿಗೆ ಬೆಲೆ ಉಳಿಯುತ್ತಾ?” ಎಂದು ಅವರ ಬಾಯಿ ಮುಚ್ಚಿಸಿ, ತಾವೇ ಪದ ಹುಡುಕಿ ಹುಡುಕಿ ಬರೆದಿದ್ದರು. ಆ ಮೆಸೇಜಿಗೆ ಬಂದಷ್ಟು ಮುಗಿದ ಕೈಗಳು ಬೇರೆ ಯಾವುದಕ್ಕೂ ಬಂದಿರಲಿಲ್ಲ. ಅವರು ಎಣಿಸಿ ಖುಷಿಪಟ್ಟಿದ್ದರು. ಮದುವೆಗೂ ಹೋಗಿದ್ದರು. ಅಡುಗೆಮನೆಯ ಪಕ್ಕದ ಉಗ್ರಾಣದಲ್ಲಿ ಬಾಳೆಎಲೆಯ ಕಟ್ಟುಗಳ ನಡುವೆ ಶಶಿರೇಖಾ ಕೂತಿದ್ದಳು. ಮಂಟಪದಿಂದ ವಾದ್ಯ ಜೋರಾಗಿ ಕೇಳುತ್ತಿತ್ತು. ಆಗ ಸರಸಮ್ಮ ಕುಂಕುಮದ ತಟ್ಟೆ ಹಿಡಿದುಕೊಂಡು ಆ ಬಾಗಿಲನ್ನು ದಾಟಿ ಹೋದರು, ತಲೆ ತಿರುಗಿಸದೆ.

ಈಗ ಅವರು ಗ್ರೂಪು ತೆರೆದು, ಕೆಳಗಿನವರೆಗೂ ಸರಿಸಿ, ಹೊರಬರುವ ಗುಂಡಿ ಒತ್ತಿದರು. ಖಾತ್ರಿಯೇ ಎಂದು ಫೋನು ಇನ್ನೊಮ್ಮೆ ಕೇಳಿತು. ಮತ್ತೆ ಒತ್ತಿದರು.

ಸಂಜೆ ಸಿಂಧು ಬಂದಾಗ ಮನೆಯಲ್ಲಿ ದೀಪ ಹಚ್ಚಿರಲಿಲ್ಲ. ಅಮ್ಮನ ಮುಖ ನೋಡಿ ಅವಳು ಫೋನು ಕೈಗೆತ್ತಿಕೊಂಡು ಮೇಲಿಂದ ಕೆಳಗಿನವರೆಗೆ ಓದಿದಳು. ಚಲುವರಾಜುವಿನ ದನಿ ಕೇಳಿ ಹಲ್ಲು ಕಚ್ಚಿದಳು. “ಶನಿವಾರ ನಾನೇ ಆತಗೂರಿಗೆ ಹೋಗ್ತೀನಿ, ಇವರಿಗೆಲ್ಲ ಸರಿಯಾಗಿ ಹೇಳಿ ಬರ್ತೀನಿ” ಎಂದಳು. ಆಮೇಲೆ ಹಳೆಯ ಮೆಸೇಜು ಸಿಕ್ಕಿತು. ಎರಡು ಸಲ ಓದಿದಳು.

“ಅಪ್ಪ ಇಂಥಾ ಮಾತು ಬರೆಸಿದ್ರಾ ಅಮ್ಮ?” ಎಂದಳು. “ನಮ್ಮಪ್ಪ?”

ಸುಮ್ಮನಿದ್ದರೆ ಸಾಕಾಗಿತ್ತು. ಸತ್ತವರು ಎದ್ದು ಬಂದು ಅಲ್ಲ ಎನ್ನುವುದಿಲ್ಲ. ಏಳು ವರ್ಷದ ಹೊಗಳಿಕೆಯನ್ನೆಲ್ಲ ಹೊತ್ತ ಹೆಸರು ಇದೊಂದನ್ನೂ ಹೊತ್ತುಕೊಳ್ಳುತ್ತಿತ್ತು, ಮಗಳು ಪಕ್ಕದಲ್ಲಿ ಕೂತು ಬೆನ್ನು ಸವರುತ್ತಿದ್ದಳು.

“ನಿಮ್ಮಪ್ಪ ಬೇಡ ಅಂದ್ರು” ಎಂದರು ಸರಸಮ್ಮ. “ಅದು ಸರಸಮ್ಮ ಬರೆದದ್ದು.”

ಸಿಂಧು ಫೋನನ್ನು ಅಮ್ಮನ ಪಕ್ಕಕ್ಕಿಟ್ಟು, ಬ್ಯಾಗು ತೆಗೆದುಕೊಂಡು ಒಳಗೆ ಹೋದಳು.