ಇಳಿಯಬಾರದ ಗೆರೆ

ಗೆರೆ ಇಳಿಯುತ್ತಿದೆ, ಇಳಿಯಬಾರದು, ಏರಬೇಕು — ಗೋಡೆಯಾಚೆ ಎಂಟು ಮಗ್ಗಗಳು ಬೆಳಗಿನ ಪಾಳಿಗೆ ಒಂದೊಂದಾಗಿ ದನಿ ಕೂಡಿಸಿವೆ, ಬಸಿಯೊಳಗಿನ ಚಹದ ಮೇಲೆ ಸಣ್ಣ ಉಂಗುರಗಳು ಏಳುತ್ತಿವೆ, ಲ್ಯಾಪ್‌ಟಾಪಿನ ಪರದೆ ಕೂಡ ತುಸು ನಡುಗುತ್ತದೆ, ಆದರೆ ಈ ಗೆರೆ ನಡುಗಿ ಇಳಿದದ್ದಲ್ಲ, ನಿಧಾನವಾಗಿ, ನಾಚಿಕೆಯಿಲ್ಲದೆ ಇಳಿದಿದೆ, ಮಗ್ಗದಲ್ಲಿ ಹತ್ತು ವರ್ಷ ದುಡಿದವರಿಗಿಂತ ಇಪ್ಪತ್ತು ವರ್ಷದವರ ಕಿವಿ ಮಂದ, ಇಪ್ಪತ್ತಕ್ಕಿಂತ ಮೂವತ್ತರವರದು ಇನ್ನೂ ಮಂದ, ಅಲ್ಲಿಯವರೆಗೆ ಕಿವುಡಿನ ಗೆರೆ ಏರಿದೆ, ಸರಿ, ಮೂವತ್ತೈದು ದಾಟಿದ ಕೂಡಲೇ ಮೂಗು ಕೆಳಗೆ ಮಾಡಿದೆ, ಅಂದರೆ ಮೂವತ್ತೈದು ವರ್ಷ ಈ ಸಪ್ಪಳದೊಳಗೆ ಕೂತವನ ಕಿವಿ ತಿರುಗಿ ಚಿಗುರುತ್ತದೆ ಅಂತ, ಯಾವ ಲೋಕದಲ್ಲಿ? ಬನಹಟ್ಟಿಯಲ್ಲಂತೂ ಅಲ್ಲ, ಈ ಮನೆಯಲ್ಲಂತೂ ಅಲ್ಲವೇ ಅಲ್ಲ, ಶೇವಂತಿ ಈ ಸಪ್ಪಳದಲ್ಲಿಯೇ ಹುಟ್ಟಿದವಳು, ತೊಟ್ಟಿಲು ತೂಗಿದ್ದು ಮಗ್ಗದ ಪಕ್ಕದಲ್ಲೇ, ಈಗ ಜಮಖಂಡಿಯ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಾಳೆ, ಹುಡುಗಿಯರಿಗೆ ವರ್ಷದ ಮೊದಲ ದಿನವೇ ಹೇಳುತ್ತಾಳೆ, ಚಿತ್ರ ಚಂದ ಬಂತು ಅಂತ ನಂಬಬ್ಯಾಡ್ರಿ, ಅದನ್ನು ನಿಲ್ಲಿಸಿ ಕೇಳ್ರಿ, ನೀ ಯಾರನ್ನ ಎಣಿಸಿ ಬಂದಿ, ಯಾರನ್ನ ಬಿಟ್ಟು ಬಂದಿ — ಇಷ್ಟು ಹೇಳುವವಳು ನಿನ್ನೆ ಸಂಜೆ ತಾನೇ ಕೇಳದೆ ಈ ಚಿತ್ರವನ್ನು ಕಳಿಸಿಬಿಟ್ಟಳಲ್ಲ, ಕಿವಿ ಡಾಕ್ಟರ್ ಗಂಗಾರಾಮರಿಗೆ, ಡಾಕ್ಟರು ಅದನ್ನು ಹಾಗೆಯೇ ಮಗ್ಗದ ಮಾಲಕರ ಗುಂಪಿಗೆ ಕಳಿಸಿದರು, ಬೆಳಗ್ಗೆ ಏಳಕ್ಕೇ ಫೋನು, ಮೇಡಂ, ಮಾಲಕ ಕಲ್ಮೇಶ ಅವ್ರು ಭಾಳ ಖುಷಿ ಆಗ್ಯಾರ್ರಿ, ಅಂದರು ಡಾಕ್ಟರು, ಆ ದನಿಯಲ್ಲಿ ಖುಷಿ ಇರಲಿಲ್ಲ, ಮೂವತ್ತೈದು ವರ್ಷ ಮಗ್ಗ ಹೊಡದವರ ಕಿವಿ ಹೊಳ್ಳಿ ಛಲೋ ಆಗ್ತಾವಂದ್ರ ನಾವ್ಯಾಕ ಕಿವ್ಯಾಗ ಬೂಚು ತುರುಕೂದು ಅಂತ ಗುಂಪಿನ್ಯಾಗ ಬರದಾರ, ಹನ್ನೊಂದಕ್ಕ ರಬಕವಿಯೊಳಗ ಸಭೆ ಐತಿ, ನೀವೇನ್ ಅಂತೀರಿ? ನಾನು ಅನ್ನೋದು ಒಂದೇ ಸರ್, ಚಿತ್ರ ತಪ್ಪೈತಿ, ಹನ್ನೊಂದಕ್ಕ ಖರೇದು ತರ್ತೀನಿ, ಅಂದಳು, ಅಂದದ್ದೇನೋ ಆಯಿತು, ತಪ್ಪು ಎಲ್ಲಿದೆ ಎಂದು ಆಗ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ, ಆದರೆ ಇದೆ, ಮತ್ತು ಸಿಗುತ್ತದೆ, ಗಂಟು ಎಲ್ಲಿದೆಯೆಂದು ಕಾಣದಿದ್ದರೂ ಎಳೆ ಬಿಗಿದದ್ದು ಬೆರಳಿಗೆ ತಿಳಿಯುತ್ತದಲ್ಲ, ಹಾಗೆ.

ಮೊದಲ ತಪ್ಪು ಮೊನ್ನೆಯೇ ಸಿಕ್ಕಿತ್ತು, ಅದು ಮಕ್ಕಳಾಟ, ಐನೂರು ಹರ್ಟ್ಸ್, ಸಾವಿರ, ಎರಡು ಸಾವಿರ, ನಾಲ್ಕು ಸಾವಿರ, ಎಂಟು ಸಾವಿರ, ಹೀಗೆ ಕೆಳಗಿನ ಸ್ವರದಿಂದ ಮೇಲಿನ ಸ್ವರಕ್ಕೆ ಹೋಗಬೇಕಾದ ಚಿತ್ರದಲ್ಲಿ ಐನೂರು ಹೋಗಿ ನಾಲ್ಕು ಸಾವಿರದ ಆಚೆ ಕೂತಿತ್ತು, ಗೆರೆ ಗರಗಸದ ಹಲ್ಲು, ನೋಡಿದ ಕೂಡಲೇ ನಕ್ಕಳು, ಎಕ್ಸೆಲ್ ಹಾಳೆಯ ತಲೆಬರಹಗಳನ್ನು ಲೆಕ್ಕ ಮಾಡುವ ಪೈಥಾನು ಪ್ರೋಗ್ರಾಮು ಸಂಖ್ಯೆ ಎಂದುಕೊಂಡಿಲ್ಲ, ಅಕ್ಷರ ಎಂದುಕೊಂಡಿದೆ, ಅಕ್ಷರದ ಲೆಕ್ಕದಲ್ಲಿ ಐದರಿಂದ ಶುರುವಾಗುವುದು ನಾಲ್ಕರಿಂದ ಶುರುವಾಗುವುದರ ಹಿಂದೆ, ಒಂದು ಸಾಲು ಬರೆದು ಸಂಖ್ಯೆ ಮಾಡಿದಳು, ಗೆರೆ ನೆಟ್ಟಗಾಯಿತು, ಅಷ್ಟೇ — ಅಂಥ ತಪ್ಪು ಒಳ್ಳೆಯದು, ಬಾಯಿ ಮಾಡಿಕೊಂಡು ಬರುತ್ತದೆ, ಇದು ಹಾಗಲ್ಲ, ಬಾಯಿ ಮುಚ್ಚಿಕೊಂಡು ಕೂತಿದೆ, ಪರದೆಯ ಮೇಲಿನ ನೋಟ್‌ಬುಕ್ಕಿನಲ್ಲಿ ಒಂದು ಕಡೆಯೂ ತಪ್ಪು ತೋರಿಸುವ ಕೆಂಪು ಅಕ್ಷರವಿಲ್ಲ, ಎಲ್ಲ ಕೋಡೂ ಸುಖವಾಗಿ ಓಡಿದೆ, ಏನ್ ನೋಡಾಕತ್ತೀಬೇ ಅಷ್ಟೊತ್ತಿಂದ, ಚಾ ಆರಿ ನೀರಾತು, ಎಂದು ಅವ್ವ ದಾನಮ್ಮ ಬಾಗಿಲಿಗೆ ಬಂದು ನಿಂತಿದ್ದಾಳೆ, ಸಪ್ಪಳದ ಮೇಲೆ ದನಿ ಏರಿಸಿ, ಈ ಮನೆಯಲ್ಲಿ ಯಾರೂ ಮೆಲ್ಲಗೆ ಮಾತಾಡಿದ್ದು ಶೇವಂತಿಗೆ ನೆನಪಿಲ್ಲ, ಕಾಲೇಜಿಗೆ ಸೇರಿದ ಮೊದಲ ವಾರ ಜಮಖಂಡಿಯ ಗೆಳತಿ ಕೇಳಿದ್ದಳು, ನಿಮ್ಮವ್ವಗ ನಿನ್ ಮ್ಯಾಲ ಸಿಟ್ಟೈತೇನ, ಫೋನಿನ್ಯಾಗ ಹಂಗ್ಯಾಕ ಒದರ್ತಾರ — ಬಂದೆ ಬೇ ಅವ್ವಾ, ಬಂದೆ, ಹಾಳೆ ತೆರೆದಳು, ನಾನೂರ ಹನ್ನೆರಡು ಸಾಲು, ರಬಕವಿ, ಬನಹಟ್ಟಿ, ಜಮಖಂಡಿ, ಮುಧೋಳದ ಮಗ್ಗದವರು, ಹೋಲಿಸಿ ನೋಡಲಿಕ್ಕೆ ಮಗ್ಗದ ಗಾಳಿಯೇ ತಾಗದ ಬೀಳಗಿಯ ಅಂಗಡಿಯವರು, ಹೊಲದವರು, ಮೂರು ತಿಂಗಳ ಭಾನುವಾರಗಳೆಲ್ಲ ಇದರೊಳಗಿವೆ, ಡಾಕ್ಟರು ಎಲ್ಲಿಂದಲೋ ತಂದ ಹಳೆಯ ಯಂತ್ರ, ಕಿವಿಗೆ ಹಾಕುವ ಕರಿಯ ಚಿಪ್ಪು, ಸ್ವರವನ್ನು ಸ್ವಲ್ಪಸ್ವಲ್ಪವೇ ಏರಿಸುತ್ತ ಹೋಗುವ ಗುಂಡಿ, ಎಪ್ಪತ್ತು ಡೆಸಿಬೆಲ್ಲಿನಾಚೆ ಅದು ಹೋಗದು, ಗುಂಡಿ ತಿರುವಿದವಳು ನರ್ಸ್ ಶ್ರೀದೇವಿ, ಎಷ್ಟಕ್ಕೆ ಕೇಳಿಸಿತೆಂದು ಕಾಗದದ ಮೇಲೆ ಬರೆದವಳು ಶೇವಂತಿ, ಕಾಗದ ನೋಡಿ ಎಕ್ಸೆಲ್ಲಿಗೆ ಏರಿಸಿದವರು ಅವಳ ವಿದ್ಯಾರ್ಥಿನಿಯರು.

ಯಾರನ್ನು ಎಣಿಸಿ ಬಂದಿ? ಕೇಳಿಯೇಬಿಟ್ಟಳು, ಹೊಸದೊಂದು ಸಾಲು ಬರೆದು, ಪ್ರತಿ ಬಿಂದುವಿನ ಹಿಂದೆ ಎಷ್ಟು ಮಂದಿ ಇದ್ದಾರೆ ಹೇಳು — ಹತ್ತು ವರ್ಷದವರು, ಬಂದವರು ಎಂಬತ್ತೆಂಟು, ಎಣಿಸಿದ್ದು ಎಂಬತ್ತೆಂಟು, ಇಪ್ಪತ್ತರವರಲ್ಲಿ ಮೂರು ಕಡಿಮೆ, ಮೂವತ್ತರವರಲ್ಲಿ ಹದಿನೇಳು ಕಡಿಮೆ, ಮೂವತ್ತೈದು ದಾಟಿದವರು, ಬಂದವರು ಅರವತ್ತಮೂರು, ಎಣಿಸಿದ್ದು ಇಪ್ಪತ್ತೊಂಬತ್ತು, ಆಹಾ, ಸಿಕ್ಕಿತು, ಉಳಿದ ಮೂವತ್ತನಾಲ್ಕು ಮಂದಿ ಎಲ್ಲಿ ಹೋದರು, ಬೆರಳು ತಾನೇ ಮೇಲಕ್ಕೆ ಓಡಿತು, ನೋಟ್‌ಬುಕ್ಕಿನ ಆರನೆಯ ಸಾಲಿಗೆ, ಮೊನ್ನೆ ಅವಸರದಲ್ಲಿ ಬರೆದದ್ದು, ಹುಡುಗಿಯರಲ್ಲಿ ಒಬ್ಬಳು ನಲವತ್ತು ಡಿಬಿ ಎಂದು ಬಾಲ ಹಚ್ಚಿ ಬರೆದಿದ್ದಳು, ಇನ್ನೊಬ್ಬಳು ಕನ್ನಡ ಅಂಕಿಯಲ್ಲಿ, ಮತ್ತೊಬ್ಬಳು ಸೊನ್ನೆಯ ಜಾಗದಲ್ಲಿ ಇಂಗ್ಲಿಷಿನ ಓ, ಒಂದೊಂದಕ್ಕೂ ಪೈಥಾನು ತಕರಾರು ತೆಗೆದು ನಿಲ್ಲುತ್ತಿತ್ತು, ಸಾಕಾಗಿ ಹೇಳಿದ್ದಳು, ಸಂಖ್ಯೆ ಆಗದ್ದನ್ನೆಲ್ಲ ಖಾಲಿ ಅಂತ ತಿಳಕೊಂಡು ಮುಂದಕ್ಕೆ ಹೋಗು, ಅದು ಹೋಯಿತು, ಹೇಳಿದ್ದನ್ನೇ ಮಾಡಿತು, ಪಾಪ ಅದರದೇನು ತಪ್ಪು — ಸಂಖ್ಯೆ ಆಗದ್ದು ಅಂದರೆ ಯಾವುದು, ಆ ಮೂವತ್ತನಾಲ್ಕು ಚೌಕಗಳನ್ನು ಮಾತ್ರ ತೋರಿಸು ಅಂದಳು, ಪರದೆಯ ಮೇಲೆ ಒಂದರ ಕೆಳಗೊಂದು ಬಂದವು, ಕೇಳಿಲ್ಲ, ಕೇಳಿಲ್ಲ, ಕೇಳಿಲ್ಲ, ಕೇಳಿಲ್ಲ — ಎಪ್ಪತ್ತಕ್ಕೆ ಏರಿಸಿದರೂ ನಾಲ್ಕು ಸಾವಿರದ ಸ್ವರ ಕೇಳದಿದ್ದವರ ಮುಂದೆ ಅವಳೇ ಹಾಗೆ ಬರೆದಿದ್ದಳು, ಸಂಖ್ಯೆಯಲ್ಲ, ಮಾತು, ಆ ಮಾತನ್ನು ಅವಳ ಸಾಲೇ ಅಳಿಸಿತು, ಎಲ್ಲರಿಗಿಂತ ಹೆಚ್ಚು ಕಿವುಡಾದವರನ್ನು ಹೊರಗೆ ನಿಲ್ಲಿಸಿ, ಅಷ್ಟಿಷ್ಟು ಕೇಳುವವರ ಸರಾಸರಿ ತೆಗೆದು, ನೋಡಿ ಎಷ್ಟು ಚಲೋ ಕೇಳುತ್ತಾರೆ ಅಂದಿತು, ಗೆರೆ ಇಳಿಯದೆ ಇನ್ನೇನಾದೀತು! ಮೇಜಿಗೆ ಒಂದು ಗುದ್ದು ಗುದ್ದಿದಳು, ಬಸಿಯ ಚಹ ತುಳುಕಿತು, ಮೂವತ್ತನಾಲ್ಕರ ಪಟ್ಟಿಯನ್ನು ಕೆಳಗೆ ಸರಿಸುತ್ತ ಹೋದಳು, ಹನ್ನೊಂದನೆಯ ಸಾಲು, ಬನಹಟ್ಟಿ, ವಯಸ್ಸು ಅರವತ್ತೊಂದು, ಮಗ್ಗದಲ್ಲಿ ನಲವತ್ತಮೂರು ವರ್ಷ, ರಾಮಲಿಂಗಪ್ಪ.

ಅಪ್ಪ. ಗೊತ್ತಿತ್ತಲ್ಲ, ಗೊತ್ತಿಲ್ಲದೆ ಏನು, ಅವನ ಕಾಗದ ಬರೆದದ್ದು ಇದೇ ಕೈ, ಆವತ್ತು ಅಪ್ಪ ಇಸ್ತ್ರಿಯ ಅಂಗಿ ಹಾಕಿಕೊಂಡು ಬಂದಿದ್ದ, ಗೋಡೆಗೆ ಮುಖ ಮಾಡಿ ಕುರ್ಚಿಯ ಮೇಲೆ ಕೂತ, ಕಿವಿಗೆ ಚಿಪ್ಪು, ಕಾಕಾ, ಸಪ್ಪಳ ಕೇಳಿದ್ ಕೂಡ್ಲೆ ಬೆರಳ ಎತ್ರಿ, ಅಂದಳು ಶ್ರೀದೇವಿ, ಐನೂರಕ್ಕೆ ಬೆರಳು ಎದ್ದಿತು, ಸಾವಿರಕ್ಕೆ ಎದ್ದಿತು, ಎರಡು ಸಾವಿರಕ್ಕೆ ತಡವಾಗಿ ಎದ್ದಿತು, ನಾಲ್ಕು ಸಾವಿರಕ್ಕೆ ಮೊಣಕಾಲ ಮೇಲೆಯೇ ಇತ್ತು, ಐವತ್ತು, ಅರವತ್ತು, ಎಪ್ಪತ್ತು, ಎಣ್ಣೆಯ ಕರೆ ಹತ್ತಿದ ಉಗುರು, ಲಾಳಿ ತಾಗಿ ಎಂದೋ ಸೊಟ್ಟಗಾದ ಗೆಣ್ಣು, ಆ ಬೆರಳು ಅಲುಗಲಿಲ್ಲ, ಶ್ರೀದೇವಿ ಶೇವಂತಿಯ ಮುಖ ನೋಡಿದಳು, ಶೇವಂತಿ ಬರೆದಳು, ಹೊರಗೆ ಬಂದು ಅಪ್ಪ ಅವ್ವನಿಗೆ ಹೇಳಿದ, ಎಲ್ಲಾ ಕೇಳ್ತು ನೋಡ, ನನ್ನ ಕಿವಿಗೇನ್ ಧಾಡಿ ಆಗೈತಿ, ಮೂರನೇ ಮಗ್ಗದಾಗ ಎಳಿ ಹರದ್ರ ಊಟದ ಮನ್ಯಾಗ ಕುಂತು ಹೇಳ್ತೀನಿ — ಅದೂ ಖರೆ, ಮಗ್ಗದ ಗದ್ದಲ ಕೆಳಗಿನ ಸ್ವರದ್ದು, ಅದು ಅವನಿಗೆ ಕೇಳುತ್ತದೆ, ಕೇಳದ್ದು ಹಕ್ಕಿ, ಕೇಳದ್ದು ಫೋನಿನ ಗಂಟೆ, ಕೇಳದ್ದು ಮಾತಿನ ಸ ಮತ್ತು ಶ, ಶೇವಂತಿ ಎಂದು ಕೂಗುವವನಿಗೆ ಆ ಹೆಸರಿನ ಮೊದಲ ಅಕ್ಷರವೇ ಕೇಳುವುದಿಲ್ಲ, ಅವಳು ಆವತ್ತು ಮನೆಯಲ್ಲಿ ಹೇಳಲಿಲ್ಲ, ಹೇಳಿದರೆ ಏನಾದೀತು, ಹೋದದ್ದು ಬಾರದು ಎಂದು ಸುಮ್ಮನಾದಳು, ಮನೆಯಲ್ಲಿ ಸುಮ್ಮನಾದವಳು ಹಾಳೆಯಲ್ಲೂ ಅವನನ್ನು ಅಳಿಸಿಬಿಟ್ಟಳಲ್ಲ, ಇಲ್ಲ, ಇದು ಅಳುವ ಹೊತ್ತಲ್ಲ, ಎಂಟೂವರೆ ಆಗಿದೆ, ಇದು ತಿದ್ದುವ ಹೊತ್ತು, ಮತ್ತು ಇದನ್ನು ತಿದ್ದಲು ಅವಳಿಗೆ ಬರುತ್ತದೆ.

ಡಿಬಿಯ ಬಾಲ ಕತ್ತರಿಸಿದಳು, ಕನ್ನಡ ಅಂಕಿಯನ್ನು ಬದಲಿಸಿದಳು, ಓ ಇದ್ದಲ್ಲಿ ಸೊನ್ನೆ ಕೂರಿಸಿದಳು, ಆರನೆಯ ಸಾಲನ್ನು ಕಿತ್ತು ಒಗೆದಳು, ಇನ್ನು ಕೇಳಿಲ್ಲ ಎಂಬುದು, ಅದಕ್ಕೆ ಯಾವ ಸಂಖ್ಯೆ ಕೊಡಬೇಕು, ಎಪ್ಪತ್ತು ಎಂದು ತುಂಬಿದರೆ ಅದೂ ಸುಳ್ಳೇ, ಎಪ್ಪತ್ತಕ್ಕೆ ಕೇಳಿತು ಎಂದಾಗುತ್ತದೆ, ತೊಂಬತ್ತು ಎಂದರೆ ತಾನೇ ಹುಟ್ಟಿಸಿದ ಸಂಖ್ಯೆ, ಕಲ್ಮೇಶ ಹಿಡಿಯದೆ ಬಿಟ್ಟಾನೆ? ಬೇಡ, ಮಾತನ್ನು ಮಾತಾಗಿಯೇ ಇಡಬೇಕು, ಎರಡು ಕ್ಷಣ ಕಣ್ಣು ಮುಚ್ಚಿದಳು, ತೆರೆದಾಗ ಚಿತ್ರ ಮನಸ್ಸಿನಲ್ಲಿ ಸಿದ್ಧವಿತ್ತು, ಕಿವಿಯ ಸರಾಸರಿ ಬೇಡ, ನೂರಕ್ಕೆ ಎಷ್ಟು ಮಂದಿಗೆ ಯಂತ್ರದ ಕೊನೆಯ ಶಬ್ದವೂ ಕೇಳಲಿಲ್ಲ ಅದನ್ನೇ ಬರೆಯೋಣ, ಬರೆದಳು, ಓಡಿಸಿದಳು, ಬೀಳಗಿಯವರು ನೆಲಕ್ಕೆ ಅಂಟಿಕೊಂಡೇ ಹೋದರು, ಮಗ್ಗದವರ ಗೆರೆ ಎದ್ದಿತು, ಇಪ್ಪತ್ತರಲ್ಲಿ ತಲೆ ಎತ್ತಿತು, ಮೂವತ್ತರಲ್ಲಿ ನೆಟ್ಟಗಾಯಿತು, ಮೂವತ್ತೈದರ ಆಚೆ ಅರ್ಧ ದಾಟಿ ನಿಂತಿತು, ನೂರಕ್ಕೆ ಐವತ್ತನಾಲ್ಕು, ಪ್ರತಿ ಬಿಂದುವಿನ ಕೆಳಗೆ ಎಷ್ಟು ಜನರಲ್ಲಿ ಎಷ್ಟು ಜನ ಎಂದೂ ಬರೆದಳು, ಇನ್ನು ಯಾರೂ ಬಿಟ್ಟುಹೋಗುವಂತಿಲ್ಲ, ಹೊರಗೆ ಅಂಗಳದಲ್ಲಿ ಅಪ್ಪ ಗಾಡಿ ಒದೆಯುತ್ತಿದ್ದ, ನಾನೂ ಸಭಾಕ್ಕ ಹೊಂಟೇನ್ಬೇ, ಬಾಜೂ ಮಗ್ಗದ ತುಕಾರಾಮನೂ ಬರ್ತಾನ, ಅಂದ, ನೀ ಯಾಕಪ್ಪಾ ಎಂದಳು, ಅವನು ನಕ್ಕು ಹೂಂ ಅಂದ, ಏನು ಕೇಳಿತೋ.

ರಬಕವಿಯ ನೇಕಾರರ ಸಭಾಭವನ, ಕಿಟಕಿಯಾಚೆ ನೂಲಿನ ಮೂಟೆ ಹೊತ್ತ ಆಟೋಗಳು, ಒಳಗೆ ಮುಂದಿನ ಸಾಲಿನಲ್ಲಿ ಮಾಲಕರು, ನಡುವೆ ಲಾಳಿಯ ಕಂಡಿಕೆಗೆ ನೂಲು ಸುತ್ತುವ ಹುಡುಗಿಯರು, ಹಿಂದೆ ಹಳಬರು, ಅಪ್ಪ ತುಕಾರಾಮನ ಪಕ್ಕದಲ್ಲಿ, ಶೇವಂತಿ ಎದ್ದು ಮೊದಲ ಮಾತಿಗೇ ಹೇಳಿದಳು, ನಿನ್ನೆ ಕಳಿಸಿದ ಚಿತ್ರ ತಪ್ಪು, ತಪ್ಪು ಮಾಡಿದಾಕಿ ನಾನ, ಗದ್ದಲ ಎದ್ದಿತು, ಎದ್ದಷ್ಟೇ ಬೇಗ ಇಳಿಯಿತು, ತಪ್ಪೊಪ್ಪಿಕೊಂಡವಳ ಮೇಲೆ ಎಷ್ಟು ಹೊತ್ತು ಕೂಗುತ್ತಾರೆ, ಹೊಸ ಗೆರೆಯನ್ನು ಗೋಡೆಯ ಮೇಲೆ ಹಾಕಿದಳು, ಕಲ್ಮೇಶ ಎದ್ದು ನಿಂತ, ಕೆಟ್ಟವನೇನಲ್ಲ, ಮೂವತ್ತು ಮಗ್ಗದ ಒಡೆಯ, ಲೆಕ್ಕದ ಮನುಷ್ಯ, ಟೀಚರ್ರ, ನಿನ್ನೆ ಇಳೀತಿತ್ತು, ಇವತ್ತ ಏರಾಕತ್ತೈತಿ, ನಾಳೆ ಹೊಳ್ಳಿ ಇಳಿಸ್ತೀರೇನು, ನಾವು ಯಾವುದನ್ನ ನಂಬೂದ್ರಿ? ಕೆಲವರು ನಕ್ಕರು, ಶೇವಂತಿಯೂ ನಕ್ಕಳು, ಯಾವುದನ್ನೂ ನಂಬಬ್ಯಾಡ್ರಿ ಅಣ್ಣಾರ, ನಿಮ್ಮ ಕಿವೀನ ನಂಬ್ರಿ, ಅಂದಳು, ಇದು ಮೊದಲೇ ಯೋಚಿಸಿದ್ದಲ್ಲ, ಆ ಕ್ಷಣ ಬಾಯಿಗೆ ಬಂದದ್ದು, ನಾಲ್ಕು ಸಾವಿರದ ಸ್ವರ ಬಾರಸ್ತೀನಿ, ಇದು ಪರೀಕ್ಷೆ ಅಲ್ಲ, ಯಾರ ಹೆಸರೂ ಬರಿಯೂದಿಲ್ಲ, ಕೇಳಿದವರು ಒಂದ ಬೆರಳ ಎತ್ರಿ, ಪಂಖ ನಿಲ್ಲಿಸಿದರು, ಕಿಟಕಿ ಮುಚ್ಚಿದರು, ಲ್ಯಾಪ್‌ಟಾಪಿನ ತಂತಿಯನ್ನು ಸಭೆಯ ಸ್ಪೀಕರಿಗೆ ಸಿಕ್ಕಿಸಿ ಒತ್ತಿದಳು — ಸೂಜಿಯಂಥ ದನಿ, ತೆಳ್ಳಗೆ, ಸ್ಪಷ್ಟವಾಗಿ, ಕಂಡಿಕೆಯ ಹುಡುಗಿಯರ ಬೆರಳುಗಳು ಒಟ್ಟಿಗೆ ಎದ್ದವು, ಡಾಕ್ಟರದು ಎದ್ದಿತು, ಕಲ್ಮೇಶನದು ಎದ್ದಿತು, ಹಿಂದಿನ ಸಾಲುಗಳಲ್ಲಿ ಒಂದೂ ಇಲ್ಲ, ಅವರೆಲ್ಲ ಅವಳನ್ನೇ ನೋಡುತ್ತಿದ್ದಾರೆ, ಇನ್ನೂ ಶುರುವಾಗಿಲ್ಲವೆಂದು, ಶಾಲೆಯ ಮಕ್ಕಳ ಹಾಗೆ ಮೈಯೆಲ್ಲ ಕಿವಿಯಾಗಿ ಕಾಯುತ್ತಿದ್ದಾರೆ, ಕಲ್ಮೇಶ ಎತ್ತಿದ ಬೆರಳನ್ನು ಹಾಗೆಯೇ ಹಿಡಿದುಕೊಂಡು ಹಿಂದಕ್ಕೆ ತಿರುಗಿದ, ನೋಡಿದ, ತನ್ನ ಮಗ್ಗದವರನ್ನೇ ಒಬ್ಬೊಬ್ಬರನ್ನಾಗಿ ನೋಡಿದ, ಇವರ್ಯಾರಿಗೂ ಕೇಳವಲ್ದೇನ್ರಿ, ಎಂದು ಡಾಕ್ಟರನ್ನು ಮೆಲ್ಲಗೆ ಕೇಳಿದ, ಕೇಳವಲ್ದು, ಅಂದರು ಡಾಕ್ಟರು, ಅವನು ಬೆರಳು ಇಳಿಸಿ ಕೂತ, ಆತು, ಈ ವಾರದಿಂದನ ಬೂಚು ಹಚ್ಚೂಣು, ವರ್ಷಕ್ಕೊಮ್ಮೆ ಕಿವಿ ನೋಡಸೂಣು, ಬರಕೊಳ್ರಿ, ಎಂದ, ಪಕ್ಕದ ಮಾಲಕರು ಗೋಣು ಹಾಕಿದರು, ಶೇವಂತಿ ಸ್ವರ ನಿಲ್ಲಿಸಿದಳು, ಗೆದ್ದಳು, ಹೌದು, ಹುಡುಗಿಯರು ಗೆದ್ದರು, ಅವರಿಗೆ ಇನ್ನೂ ಮೂವತ್ತು ವರ್ಷ ಹಕ್ಕಿಯ ದನಿ ಇದೆ, ಈಗ ಸಭೆಯಲ್ಲಿ ಏನೇನೂ ಸಪ್ಪಳವಿಲ್ಲ, ಹಿಂದಿನ ಸಾಲಿನಲ್ಲಿ ಅಪ್ಪ ಆ ಕಡೆ ನೋಡಿದ, ಈ ಕಡೆ ನೋಡಿದ, ಹುಡುಗಿಯರ ಇನ್ನೂ ಇಳಿಯದ ಬೆರಳುಗಳನ್ನು ನೋಡಿದ, ಮಗಳನ್ನು ನೋಡಿ ನಕ್ಕ, ಆಮೇಲೆ ಎಲ್ಲ ತಿಳಿದವನ ಹಾಗೆ, ಮಗಳ ಮರ್ಯಾದೆ ಕಾಯುವವನ ಹಾಗೆ ಎತ್ತಿದ — ಎಣ್ಣೆಯ ಕರೆ, ಸೊಟ್ಟ ಗೆಣ್ಣು, ಸ್ವರ ನಿಂತಿದೆ ಅಪ್ಪಾ, ನಿಂತು ಎಷ್ಟೋ ಹೊತ್ತಾಯಿತು, ಆ ಬೆರಳು, ನೆಟ್ಟಗೆ, ನಿಶ್ಶಬ್ದದಲ್ಲಿ, ಆ ಬೆರಳು